ತಗಡಿನ ರೈಲಿಗೆ ಹೊಸ ಬಣ್ಣ

ಯುರೋಪು, ಅಮೆರಿಕಗಳ ಹರಾಜು ಮನೆಗಳಲ್ಲಿ ಹಳೆಯ ಆಟಿಕೆಗಳು ಮಾರಾಟವಾಗುವ ದಿನ ಒಂದು ವಿಚಿತ್ರ ಕಾಣಸಿಗುತ್ತದೆ. ಒಂದೇ ಕಾರ್ಖಾನೆಯ, ಒಂದೇ ಮಾದರಿಯ, ಒಂದೇ ಕಾಲದ ಎರಡು ತಗಡಿನ ರೈಲು ಇಂಜಿನ್‌ಗಳು ಮೇಜಿನ ಮೇಲಿವೆ ಎಂದುಕೊಳ್ಳೋಣ. ಒಂದು ಥಳಥಳಿಸುತ್ತಿದೆ. ಅದರ ಹಸಿರು ಮೈಯಲ್ಲಿ ಒಂದು ಗೀರಿಲ್ಲ, ಅಂಚಿನ ಕೆಂಪು ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದಂತಿವೆ. ಇನ್ನೊಂದರ ಬಣ್ಣ ಮಾಸಿದೆ, ಚಿಮಣಿಯ ಬುಡದಲ್ಲಿ ಚಕ್ಕೆ ಎದ್ದಿದೆ, ಯಾವ ಕಾಲದಲ್ಲೋ ಯಾವನೋ ಹುಡುಗ ಹಿಡಿದು ಹಿಡಿದು ಬೆನ್ನಿನ ಮೇಲೆ ತಗಡು ಕಾಣುವಷ್ಟು ಸವೆದಿದೆ. ಹೆಚ್ಚು ಬೆಲೆಗೆ ಹೋಗುವುದು ಈ ಎರಡನೆಯದು. ಮೊದಲನೆಯದಕ್ಕೆ ಯಾರೋ ಈಚೆಗೆ ಮತ್ತೆ ಬಣ್ಣ ಬಳಿದಿದ್ದಾರೆಂದು ತಿಳಿದ ಕೂಡಲೇ ಹರಾಜು ಕೂಗುವವರ ದನಿ ತಗ್ಗಿಬಿಡುತ್ತದೆ.

ಹೊಸದು ಹೊಳೆಯಬೇಕು, ಹಳೆಯದನ್ನು ಹೊಳೆಯುವಂತೆ ಮಾಡಬೇಕು ಎಂದು ನಂಬಿರುವ ನಮಗೆ ಇದು ತಲೆಕೆಳಗಾದ ಲೆಕ್ಕ. ಹಣ ಹೆಚ್ಚಾದವರ ಹುಚ್ಚು ಎಂದು ನಕ್ಕು ಸುಮ್ಮನಾಗಲೂಬಹುದು. ಆದರೆ ಈ ಹುಚ್ಚಿನ ಹಿಂದೆ ಸಂಗ್ರಾಹಕರ ನಡುವೆ ದಶಕಗಳಿಂದ ನಡೆದು ಬಂದ ಜಗಳವಿದೆ. ಬಣ್ಣವೆಂಬುದು ಆ ರೈಲಿಗೆ ತೊಡಿಸಿದ ಬಟ್ಟೆಯೋ, ಅದರ ಚರ್ಮವೋ ಎಂಬುದೇ ಆ ಜಗಳ. ಬಟ್ಟೆಯಾದರೆ ಕೊಳೆಯಾದಾಗ ಬದಲಿಸಬಹುದು. ಚರ್ಮವಾದರೆ ಸುಲಿಯುವ ಮೊದಲು ನಾಲ್ಕು ಸಲ ಯೋಚಿಸಬೇಕಾಗುತ್ತದೆ.

ಇದನ್ನು ತೀರ್ಮಾನಿಸಲು ಆ ಬಣ್ಣ ಅಲ್ಲಿಗೆ ಹೇಗೆ ಬಂತು ಎಂಬಲ್ಲಿಂದ ಶುರು ಮಾಡಬೇಕು.

ತಗಡಿನ ರೈಲಿನ ಪ್ರಮುಖ ತವರು ಜರ್ಮನಿ. ದಕ್ಷಿಣ ಜರ್ಮನಿಯ ಗೊಪ್ಪಿಂಗೆನ್ ಎಂಬ ಊರಿನಲ್ಲಿ ಥಿಯೋಡೋರ್ ಮೆರ್ಕ್ಲಿನ್ ಎಂಬ ತಗಡಿನ ಕೆಲಸಗಾರ 1859ರಲ್ಲಿ ಗೊಂಬೆ ಮನೆಗಳಿಗೆ ಪುಟ್ಟ ಪಾತ್ರೆ ಪಗಡ ಮಾಡುವ ಕಸುಬು ಆರಂಭಿಸಿದ. ಅವನು ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಹೆಂಡತಿ ಕ್ಯಾರೋಲಿನ್ ಸಾಮಾನಿನ ಮಾದರಿಗಳನ್ನು ಹೊತ್ತು ಊರೂರು ತಿರುಗಿ ವ್ಯಾಪಾರವನ್ನು ಉಳಿಸಿಕೊಂಡಳು. ಹೆಂಗಸೊಬ್ಬಳು ಹೀಗೆ ಒಂಟಿಯಾಗಿ ವ್ಯಾಪಾರಕ್ಕೆ ಹೊರಡುವುದು ಆ ಕಾಲದ ಜರ್ಮನಿಯಲ್ಲೂ ಅಪರೂಪವೇ. ಮುಂದೆ ಮಕ್ಕಳು ಕಾರ್ಖಾನೆ ವಹಿಸಿಕೊಂಡ ಮೇಲೆ, 1891ರ ಲೈಪ್ಜಿಗ್ ಜಾತ್ರೆಯಲ್ಲಿ ಮೆರ್ಕ್ಲಿನ್ ಕಂಪನಿ ಒಂದು ಹೊಸ ಬಗೆಯ ರೈಲನ್ನು ಮುಂದಿಟ್ಟಿತು. ಅದಕ್ಕೂ ಮುಂಚೆ ಆಟದ ರೈಲೆಂದರೆ ಒಂದು ಇಂಜಿನ್, ನಾಲ್ಕು ಬೋಗಿ, ಅಲ್ಲಿಗೆ ಮುಗಿಯಿತು. ಈಗ ಹಳಿಗಳ ಅಗಲ ನಿಗದಿಯಾಯಿತು. ಈ ವರ್ಷ ಇಂಜಿನ್ ಕೊಂಡ ಅಪ್ಪ ಮುಂದಿನ ವರ್ಷ ಎರಡು ಬೋಗಿ, ಅದರ ಮುಂದಿನ ವರ್ಷ ಒಂದು ಸೇತುವೆ ಎಂದು ಸೇರಿಸುತ್ತ ಹೋಗಬಹುದು. ಒಂದನೆಯ ಅಳತೆಯ ಹಳಿಗೆ 45 ಮಿಲಿಮೀಟರ್, ಸೊನ್ನೆ ಅಳತೆಯ ಹಳಿಗೆ 32 ಮಿಲಿಮೀಟರ್ ಎಂಬ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಆಟಿಕೆ ಎಂಬುದು ಮುಗಿದುಹೋಗದ, ಬೆಳೆಯುತ್ತಲೇ ಹೋಗುವ ವಸ್ತುವಾದದ್ದು ಹೀಗೆ. ಅಪ್ಪಂದಿರ ಜೇಬಿಗೆ ಶಾಶ್ವತವಾದ ತೂತು ಬಿದ್ದದ್ದೂ ಆಗಲೇ.

ಈ ರೈಲುಗಳ ಮೈ ತೆಳ್ಳನೆಯ ಕಬ್ಬಿಣದ ತಗಡು. ಅದರ ಮೇಲೆ ತವರದ ಲೇಪ. ನಮ್ಮ ಕಡೆ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನವಸಾಗರದ ಹೊಗೆ ಎಬ್ಬಿಸಿ, ಬಿಸಿ ಪಾತ್ರೆಯ ಒಳಮೈಗೆ ಅರಿವೆಯಿಂದ ತವರ ಸವರುವ ಕಲಾಯಿಗಾರ ಮಾಡುವುದನ್ನೇ ಆ ತಗಡಿನ ಕಾರ್ಖಾನೆಗಳು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದವು. ಕೂದಲೆಳೆಗಿಂತಲೂ ಬಹಳ ತೆಳುವಾದ ಆ ತವರದ ಪದರ ಇರುವವರೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಓದುಗರು ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಚ್ಚಿನಲ್ಲಿ ಒತ್ತಿ ಬಾಗಿಸಿದ ತಗಡಿನ ತುಂಡುಗಳನ್ನು ಬೆಸುಗೆ ಹಾಕಿ ಕೂಡಿಸಿ ಇಂಜಿನ್ನಿನ ಒಡಲು ಕಟ್ಟುತ್ತಿದ್ದರು. ಅದಕ್ಕೆ ಎನಾಮಲ್ ಬಣ್ಣ ಕೊಟ್ಟು ಒಲೆಯಲ್ಲಿ ಬೇಯಿಸುತ್ತಿದ್ದರು. ಅನಂತರ ಕೈಯಲ್ಲಿ ಕುಂಚ ಹಿಡಿದು ಕಿಟಕಿಯ ಅಂಚು, ಬಾಯ್ಲರಿನ ಪಟ್ಟಿ, ಚಕ್ರದ ಕಡ್ಡಿಗಳಿಗೆ ಗೆರೆ ಎಳೆಯುತ್ತಿದ್ದರು. ಬಣ್ಣದ ಕೋಣೆಗಳಲ್ಲಿ ಕೂತು ಈ ಕೆಲಸ ಮಾಡಿದ ಹೆಂಗಸರು ಗಂಡಸರ ಹೆಸರುಗಳು ಯಾವ ಮಾರಾಟ ಪಟ್ಟಿಯಲ್ಲೂ ಇಲ್ಲ. ಕಂಪನಿಯ ಒಡೆಯರ ಚಿತ್ರಪಟಗಳು ಉಳಿದಿವೆ, ಕುಂಚ ಹಿಡಿದವರದು ಉಳಿದಿಲ್ಲ. ಅವರು ಈ ಲೋಕದಲ್ಲಿ ಕೆಲಸ ಮಾಡಿದ್ದರು ಎನ್ನುವುದಕ್ಕೆ ನೋಡಸಿಗುವ ಸಾಕ್ಷಿ ಆ ಗೆರೆಗಳು: ತಿರುವಿನಲ್ಲಿ ತುಸು ದಪ್ಪವಾಗಿ, ಕೊನೆಯಲ್ಲಿ ಕುಂಚ ಎತ್ತಿದ ಕಡೆ ತುಸು ತೆಳುವಾಗಿ ನಿಂತಿರುವ ಕೆಂಪು, ಹಳದಿ ಗೆರೆಗಳು.

ಅಗ್ಗದ ರೈಲುಗಳಿಗೆ ಈ ಕುಂಚದ ಕೆಲಸ ಹೊಂದುತ್ತಿರಲಿಲ್ಲ. ಅವಕ್ಕೆ ಕಲ್ಲಚ್ಚಿನ ವಿದ್ಯೆ ಒದಗಿ ಬಂತು. ಉರ್ದು ಓದಿ ಬೆಳೆದವರಿಗೆ ಕಲ್ಲಚ್ಚು ಅಪರಿಚಿತವಲ್ಲ. ಮೊಳೆ ಅಚ್ಚಿಗೆ ಒಗ್ಗದ ನಸ್ತಾಲೀಖ್ ಬರಹವನ್ನು ಕಾತಿಬರು ಕೈಯಲ್ಲಿ ಬರೆದು, ಅದನ್ನು ಕಲ್ಲಿಗೆ ಇಳಿಸಿ ಮುದ್ರಿಸಿದ ಪುಸ್ತಕಗಳಲ್ಲೇ ನಾವು ಅಕ್ಷರ ಕಲಿತದ್ದು. ಆದರೆ ಗಡುಸಾದ ಕಲ್ಲಿನಿಂದ ಗಡುಸಾದ ತಗಡಿಗೆ ಚಿತ್ರ ನೇರವಾಗಿ ಸರಿಯಾಗಿ ಇಳಿಯುವುದಿಲ್ಲ. ನಡುವೆ ಮೆತ್ತನೆಯ ಹೊದಿಕೆಯ ಉರುಳೆಯೊಂದನ್ನು ಇಟ್ಟು, ಕಲ್ಲಿನ ಚಿತ್ರವನ್ನು ಅದಕ್ಕೆ ತೆಗೆದುಕೊಂಡು, ಅದರಿಂದ ತಗಡಿಗೆ ಒತ್ತುವ ಉಪಾಯಕ್ಕೆ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ 1875ರಲ್ಲಿ ಪೇಟೆಂಟ್ ಪಡೆದ. ಬಿಸ್ಕತ್ತಿನ ಡಬ್ಬಗಳ ಮೇಲೆ ಹೂವು ಹಕ್ಕಿಗಳು ಬಂದದ್ದು ಇದರಿಂದ. ರೈಲು ಬೋಗಿಯ ಮೇಲೆ ಕಿಟಕಿ, ಪರದೆ, ಒಳಗೆ ಕೂತ ಪ್ರಯಾಣಿಕರ ಮುಖ ಕೂಡ ಬಂದದ್ದು ಇದರಿಂದಲೇ. ಹೀಗೆ ಮುದ್ರಿಸಿದ ತಗಡಿನ ವಿಷಯದಲ್ಲಿ ಇವತ್ತು ಹೆಚ್ಚು ಜಗಳವಿಲ್ಲ. ಅಚ್ಚಾದ ಪುಸ್ತಕದ ಪುಟದಂತೆ ಅದು ಒಮ್ಮೆ ಹೋದರೆ ಹೋಯಿತು, ಮೇಲೆ ಬಣ್ಣ ಬಳಿದು ಅದನ್ನು ಮರಳಿ ತರಲಾಗದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಜಗಳವಿರುವುದು ಕುಂಚದಲ್ಲೋ ಸಿಂಪಡಿಸಿಯೋ ಬಣ್ಣ ಕೊಟ್ಟ ರೈಲುಗಳ ಬಗ್ಗೆ. ಕಾರ್ಖಾನೆಯವರು ಕೈಯಲ್ಲಿ ಬಳಿದದ್ದನ್ನು ನಾವೂ ಕೈಯಲ್ಲಿ ಬಳಿದರೆ ತಪ್ಪೇನು ಎಂಬ ಪ್ರಶ್ನೆಗೆ ಅಲ್ಲಿ ಅವಕಾಶವಿದೆ.

ತಪ್ಪೇನು ಎಂಬುದಕ್ಕೆ ಬಿಂಗ್ ಕಂಪನಿಯ ಕತೆಯಲ್ಲಿ ಒಂದು ಉತ್ತರ ಸಿಗುತ್ತದೆ.

ಇಗ್ನಾಟ್ಸ್ ಬಿಂಗ್, ಅಡಾಲ್ಫ್ ಬಿಂಗ್ ಎಂಬ ಯಹೂದಿ ಸಹೋದರರು 1860ರ ದಶಕದಲ್ಲಿ ನ್ಯೂರೆಂಬರ್ಗಿನಲ್ಲಿ ಅಡುಗೆಮನೆ ಸಾಮಾನಿನ ವ್ಯಾಪಾರದಿಂದ ತೊಡಗಿ ಆಟಿಕೆಗೆ ಕೈಹಾಕಿದರು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅವರದು ಜಗತ್ತಿನಲ್ಲೇ ಅತಿ ದೊಡ್ಡ ಆಟಿಕೆ ಕಾರ್ಖಾನೆ. ಇಗ್ನಾಟ್ಸ್ ಕುತೂಹಲದ ಮನುಷ್ಯ. 1905ರಲ್ಲಿ ಸ್ಟ್ರೈಟ್‌ಬರ್ಗ್ ಎಂಬ ಹಳ್ಳಿಯ ಬಳಿ ಅವನು ಶೋಧಿಸಿದ ಸುಣ್ಣದ ಗುಹೆಯನ್ನು ಪ್ರವಾಸಿಗರು ಇಂದಿಗೂ ಬಿಂಗ್ ಗುಹೆ ಎಂದೇ ಕರೆಯುತ್ತಾರೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್‌ನ ವ್ಯಾಪಾರಿ ಬ್ಯಾಸೆಟ್-ಲೋಕ್‌ಗೆ ಬಿಂಗ್ ಮನೆತನದ ಪರಿಚಯವಾಯಿತು. ಅಲ್ಲಿಂದ ಮುಂದೆ ಬ್ರಿಟಿಷ್ ರೈಲ್ವೆ ಕಂಪನಿಗಳ ಬಣ್ಣ ತೊಟ್ಟ ಪುಟ್ಟ ಇಂಜಿನ್‌ಗಳು ನ್ಯೂರೆಂಬರ್ಗಿನಲ್ಲಿ ತಯಾರಾಗಿ ಇಂಗ್ಲಿಷ್ ಮಕ್ಕಳ ಕೈ ಸೇರತೊಡಗಿದವು. ಅದೇ ಊರಿನಲ್ಲಿ ಜಾರ್ಜ್ ಕ್ಯಾರೆಟ್ ಎಂಬ ಫ್ರೆಂಚ್ ಪ್ರಜೆಯೂ ಆಟಿಕೆ ಕಾರ್ಖಾನೆ ನಡೆಸುತ್ತಿದ್ದ. ಅವನೂ ಬ್ಯಾಸೆಟ್-ಲೋಕ್‌ಗೆ ರೈಲು ಒದಗಿಸುತ್ತಿದ್ದ. ಜರ್ಮನಿಯಲ್ಲಿ ಯಹೂದಿಗಳೂ ಫ್ರೆಂಚನೂ ತಯಾರಿಸಿ, ಇಂಗ್ಲಿಷರು ಮಾರಿ, ಇಂಗ್ಲಿಷ್ ಮಕ್ಕಳು ತಮ್ಮ ದೇಶದ್ದೆಂದೇ ತಿಳಿದು ಆಡಿದ ರೈಲುಗಳು ಇವು.

1914ರ ಯುದ್ಧ ಇದನ್ನೆಲ್ಲ ಕೆಡಿಸಿತು. ಕ್ಯಾರೆಟ್ ಶತ್ರು ದೇಶದವನಾಗಿ ಜರ್ಮನಿ ಬಿಡಬೇಕಾಯಿತು, ಅವನ ಕಾರ್ಖಾನೆ 1917ರಲ್ಲಿ ಮುಚ್ಚಿತು. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಜರ್ಮನ್ ಸಾಮಾನೆಂದರೆ ಮುಖ ತಿರುಗಿಸುವವರು ಹೆಚ್ಚಿದರು. ಮೆಕಾನೊ ಎಂಬ ಜೋಡಣೆ ಆಟಿಕೆಯಿಂದ ಹೆಸರಾಗಿದ್ದ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ರೈಲುಗಳನ್ನು ಮಾರುಕಟ್ಟೆಗೆ ತಂದದ್ದು ಈ ಗಾಳಿಯಲ್ಲೇ. ಬಿಂಗ್ ಕಂಪನಿ 1920ರ ದಶಕದ ಕೊನೆಗೆ ಹಣದ ಮುಗ್ಗಟ್ಟಿನಲ್ಲಿ ಕುಸಿಯಿತು. ರೈಲು ತಯಾರಿಕೆಯ ಭಾಗವನ್ನು ಕಾರ್ಲ್ ಬುಬ್ ಎಂಬ ಬೇರೆ ಕಂಪನಿ ವಹಿಸಿಕೊಂಡಿತು. ಇದು ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲಿನ ಮಾತು. ಆ ಪತನವನ್ನು ನಾಜಿಗಳ ತಲೆಗೆ ಕಟ್ಟುವುದು ಚರಿತ್ರೆಗೆ ಮಾಡುವ ಅನ್ಯಾಯ. ಆದರೆ ಇಗ್ನಾಟ್ಸನ ಮಗ ಸ್ಟೆಫಾನ್ ಬಿಂಗ್ ಟ್ರಿಕ್ಸ್ ಎಂಬ ಕಂಪನಿಯ ಮೂಲಕ ಮತ್ತೆ ಎದ್ದು ನಿಂತು, 1935ರಲ್ಲಿ ಪುಟ್ಟ ವಿದ್ಯುತ್ ರೈಲನ್ನು ಹೊರತಂದ ಮೇಲೆ ಆದದ್ದು ನಾಜಿಗಳದೇ ಕೆಲಸ. ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನುಗಳಿಗೆ ಅದೇ ವರ್ಷ, ಅದೇ ನ್ಯೂರೆಂಬರ್ಗಿನ ಹೆಸರು ಬಂತು. 1938ರ ಹೊತ್ತಿಗೆ ಕಂಪನಿ ಕೈಬಿಟ್ಟುಹೋಗಿ ಸ್ಟೆಫಾನ್ ಬಿಂಗ್ ಇಂಗ್ಲೆಂಡಿಗೆ ವಲಸೆ ಹೋಗಬೇಕಾಯಿತು.

ಇಷ್ಟಾದ ಮೇಲೆ ಉಳಿದದ್ದೇನು? ಜಿ.ಬಿ.ಎನ್. ಎಂಬ ಮೂರಕ್ಷರ. ನ್ಯೂರೆಂಬರ್ಗಿನ ಬಿಂಗ್ ಸಹೋದರರು ಎಂಬುದರ ಸಂಕ್ಷೇಪ ಅದು. ಮೊದಲ ಮಹಾಯುದ್ಧದ ನಂತರ ಅದು ಬಿ.ಡಬ್ಲ್ಯು. ಎಂದು, ಅಂದರೆ ಬಿಂಗ್ ಕಾರ್ಖಾನೆ ಎಂದು ಬದಲಾಯಿತು. ಆದ್ದರಿಂದ ಈ ಗುರುತು ನೋಡಿದರೆ ರೈಲು ಯುದ್ಧದ ಮುಂಚಿನದೋ ಆಮೇಲಿನದೋ ಹೇಳಿಬಿಡಬಹುದು. ಕೆಲವು ರೈಲುಗಳಲ್ಲಿ ಈ ಅಕ್ಷರಗಳನ್ನು ತಗಡಿಗೇ ಒತ್ತಿದ್ದಾರೆ. ಹಲವು ಕಡೆ ಅವು ಬಣ್ಣದ ಮೇಲೆ ಅಂಟಿಸಿದ, ಇಲ್ಲವೆ ಮುದ್ರಿಸಿದ ಉಗುರಗಲದ ಮುದ್ರೆ ಮಾತ್ರ. ಬಣ್ಣ ಕೆರೆದರೆ ಅವೂ ಹೋಗುತ್ತವೆ. ತಯಾರಕರ ಹೆಸರೇ ಇಲ್ಲದೆ ಇಂಗ್ಲಿಷ್ ವ್ಯಾಪಾರಿಯ ಹೆಸರಲ್ಲಿ ಮಾರಾಟವಾದವುಗಳಂತೂ ಇನ್ನೂ ಕಷ್ಟ. ಅವು ನ್ಯೂರೆಂಬರ್ಗಿನವು ಎಂದು ಗುರುತಿಸಲು ಬಣ್ಣದ ಛಾಯೆ, ಗೆರೆಯ ರೀತಿ, ಒಳಮೈಯ ಲೇಪಗಳನ್ನೇ ನೆಚ್ಚಬೇಕು. ನಾಡು ಬಿಟ್ಟು ಓಡಬೇಕಾದ ಒಂದು ಮನೆತನ ಒಂದು ಕಾಲಕ್ಕೆ ಆ ನಾಡಿನ ಹೆಮ್ಮೆಯಾಗಿತ್ತು ಎಂಬುದಕ್ಕೆ ಮಕ್ಕಳ ಆಟಿಕೆಯ ಹೊಟ್ಟೆಯ ಕೆಳಗೆ ಒಂದು ಸಣ್ಣ ಸಾಕ್ಷಿ ಉಳಿದಿರುವಾಗ, ಅದರ ಮೇಲೆ ಉಪ್ಪುಕಾಗದ ಉಜ್ಜುವ ಮುನ್ನ ಕೈ ನಡುಗಬೇಡವೇ?

ಉಜ್ಜಿದವರು ಕೆಟ್ಟವರೇನಲ್ಲ. ಅವರ ಕಾಲವನ್ನೂ ನೋಡಬೇಕು. ಎರಡನೆಯ ಮಹಾಯುದ್ಧದಲ್ಲಿ ಗುಜರಿ ಲೋಹ ಕೂಡಿಸುವ ಚಳವಳಿ ಅಮೆರಿಕದ ಮನೆಮನೆಗೂ ಬಂದಾಗ ಹಳೆಯ ತಗಡಿನ ರೈಲುಗಳು ರಾಶಿರಾಶಿಯಾಗಿ ಕರಗಿ ಹೋದವು. ಅಮೆರಿಕದ ಹೆಸರಾಂತ ಲಯನೆಲ್ ಕಂಪನಿಯೇ 1942ರಲ್ಲಿ ಸರ್ಕಾರದ ಆದೇಶದಂತೆ ಆಟದ ರೈಲು ನಿಲ್ಲಿಸಿ ನೌಕಾಪಡೆಗೆ ದಿಕ್ಸೂಚಿ ಮಾಡತೊಡಗಿತು. 1943ರಲ್ಲಿ ಮಕ್ಕಳ ಸಮಾಧಾನಕ್ಕೆ ಅದು ಮಾರಿದ್ದು ರಟ್ಟಿನಲ್ಲಿ ಕತ್ತರಿಸಿ ಜೋಡಿಸುವ ಕಾಗದದ ರೈಲು. ಯುದ್ಧ ಮುಗಿದ ಮೇಲೆ ಅಟ್ಟದ ಮೇಲೂ ಗುಜರಿ ಅಂಗಡಿಯಲ್ಲೂ ಉಳಿದ ಹಳೆಯ ರೈಲುಗಳನ್ನು ಹುಡುಕಿ ತಂದವರು, ಬಾಲ್ಯದಲ್ಲಿ ಅವುಗಳನ್ನು ಅಂಗಡಿಯ ಗಾಜಿನಾಚೆ ನೋಡಿ ಆಸೆಪಟ್ಟು ಕೊಳ್ಳಲಾಗದೆ ಬೆಳೆದ ಗಂಡಸರು. ಅವರಲ್ಲಿ ಕೆಲವರು 1954ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ರೈಲು ಸಂಗ್ರಾಹಕರ ಸಂಘ ಕಟ್ಟಿದರು. ಅಂಥವರ ಮನಸ್ಸಿನಲ್ಲಿದ್ದದ್ದು ಅಂಗಡಿಯ ಕಿಟಕಿಯ ಹೊಳಪು, ತುಕ್ಕು ಹಿಡಿದ ತಗಡಲ್ಲ. ಕೈಗೆ ಸಿಕ್ಕ ರೈಲನ್ನು ಅವರು ಆ ಹೊಳಪಿಗೆ ಮರಳಿಸಲು ನೋಡಿದರು. ಅವರು ಬಣ್ಣ ಬಳಿಯದೆ ಹೋಗಿದ್ದರೆ ಎಷ್ಟೋ ರೈಲುಗಳು ಇಂದು ಇರುತ್ತಲೇ ಇರಲಿಲ್ಲ. ಅಂದು ಅವು ಪುರಾತನ ವಸ್ತುಗಳೂ ಆಗಿರಲಿಲ್ಲ, ಮೂವತ್ತು ವರ್ಷದ ಹಳೇ ಆಟಿಕೆಗಳಾಗಿದ್ದವು ಅಷ್ಟೆ.

ಆದರೆ ಅವರು ಹಿಡಿದ ದಾರಿ ನಿರ್ದಯವಾದದ್ದು. ಹಳೆಯ ಬಣ್ಣ ತೆಗೆಯಲು ಬಿಸಿ ಕಾಸ್ಟಿಕ್ ಸೋಡದ ನೀರಿನಲ್ಲಿ ರೈಲನ್ನು ಮುಳುಗಿಸುವುದು ರೂಢಿಯಲ್ಲಿತ್ತು. ಬಣ್ಣವೇನೋ ಕರಗಿ ಹೋಗುತ್ತದೆ. ಜೊತೆಗೆ ತವರವೂ ಕರಗುತ್ತದೆ. ಗುಜರಿ ಡಬ್ಬಗಳಿಂದ ತವರವನ್ನು ಮರಳಿ ಪಡೆಯಲು ಕಾರ್ಖಾನೆಗಳು ಬಳಸುವುದೂ ಇದೇ ಬಿಸಿ ಕಾಸ್ಟಿಕ್ ಸೋಡವನ್ನು. ನಾವು ಮೇಲೆ ಹೇಳಿದ ಕಲಾಯಿಯ ಪದರ ಹೀಗೆ ಹೋದ ಮೇಲೆ ಬರಿಯ ಕಬ್ಬಿಣ ಗಾಳಿಗೆ ಬಿದ್ದಂತಾಯಿತು. ಹೊಸ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅದರಡಿಯಲ್ಲಿ ತುಕ್ಕು ಮೊದಲಿಗಿಂತ ಬೇಗ ಹೊರಡುತ್ತದೆ. ನೂರು ವರ್ಷ ತಡೆದದ್ದನ್ನು ತೆಗೆದು ಇಪ್ಪತ್ತು ವರ್ಷದ ಅಂದ ಕೊಂಡುಕೊಂಡಂತೆ. ಸತುವಿನ ಎರಕದ ಭಾಗಗಳಿದ್ದರೆ ಅವನ್ನೂ ಕಾಸ್ಟಿಕ್ ತಿನ್ನುತ್ತದೆ.

ಜ್ಞಾನದ ನಷ್ಟ ಇದಕ್ಕಿಂತ ದೊಡ್ಡದು. ಅಮೆರಿಕದ ಐವ್ಸ್ ಕಂಪನಿಯನ್ನೇ ತೆಗೆದುಕೊಳ್ಳಿ. 1928ರಲ್ಲಿ ಅದು ದಿವಾಳಿಯಾದಾಗ ಪ್ರತಿಸ್ಪರ್ಧಿಗಳಾದ ಲಯನೆಲ್ ಮತ್ತು ಅಮೆರಿಕನ್ ಫ್ಲಯರ್ ಜಂಟಿಯಾಗಿ ಅದನ್ನು ವಹಿಸಿಕೊಂಡವು. 1930ರಲ್ಲಿ ಅದು ಪೂರ್ತಿ ಲಯನೆಲ್ ಪಾಲಾಯಿತು. ಈ ಎರಡು ಮೂರು ವರ್ಷಗಳಲ್ಲಿ ಐವ್ಸ್ ಹೆಸರಿನಲ್ಲಿ ಹೊರಬಂದ ರೈಲುಗಳು ಒಂದು ಕಲಸುಮೇಲೋಗರ. ಒಡಲು ಒಬ್ಬರದು, ಚಕ್ರ ಇನ್ನೊಬ್ಬರದು, ಬಣ್ಣ ಮತ್ತು ಹೆಸರಿನ ಫಲಕ ಐವ್ಸ್‌ದು. ಒಂದು ಸಂಸ್ಥೆ ಹೇಗೆ ಸಾಯುತ್ತದೆ, ಕೊಂಡವರು ಉಳಿದ ಸಾಮಾನನ್ನು ಹೇಗೆ ದುಡಿಸಿಕೊಳ್ಳುತ್ತಾರೆ ಎಂಬುದನ್ನು ಈ ರೈಲುಗಳನ್ನು ಬಿಚ್ಚಿ ನೋಡಿ ಓದಬಹುದು. ಕಾರ್ಖಾನೆಯೇ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಬಳಿದಿದ್ದರೆ ಅದೂ ಆ ಕತೆಯ ಭಾಗವೇ. ಮುಂದೊಬ್ಬ ಪ್ರೀತಿಯಿಂದಲೇ ಇದನ್ನೆಲ್ಲ ಕೆರೆದು, ಮಾರಾಟ ಪಟ್ಟಿಯಲ್ಲಿ ತೋರಿಸಿದ ‘ಸರಿಯಾದ’ ಬಣ್ಣ ಹಚ್ಚಿದರೆ, ನಮಗೆ ಉಳಿಯುವುದು ಮಾರಾಟ ಪಟ್ಟಿ ಮಾತ್ರ. ಅದು ಮೊದಲೇ ನಮ್ಮ ಬಳಿ ಇತ್ತು.

ಎದುರು ಪಕ್ಷದವರ ವಾದವೂ ಹಗುರವಲ್ಲ. ಚರ್ಚುಗಳ, ಚಿತ್ರಗಳ ವಿಷಯದಲ್ಲಿ ಈ ನಿಯಮ ಸರಿ, ಆಟಿಕೆಗೆ ಏಕೆ ಎಂದು ಅವರು ಕೇಳುತ್ತಾರೆ. ಇಂಗ್ಲೆಂಡಿನ ಹಳೆಯ ಚರ್ಚುಗಳ ಗೋಡೆಯ ಗಾರೆಯನ್ನು ಕೆರೆದು ‘ಮೂಲ ಸ್ಥಿತಿ’ಗೆ ತರುತ್ತೇವೆಂದು ಹೊರಟವರ ವಿರುದ್ಧ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದ, ಜನ ಅದನ್ನು ಕೆರೆಯುವಿಕೆ ವಿರೋಧಿಗಳ ಸಂಘ ಎಂದೇ ಕರೆದರು. ಇಟಲಿಯ ಚೆಸಾರೆ ಬ್ರಾಂಡಿ 1963ರಲ್ಲಿ ಪ್ರಕಟಿಸಿದ ಜೀರ್ಣೋದ್ಧಾರದ ಸಿದ್ಧಾಂತ ಇನ್ನೂ ಮುಂದೆ ಹೋಗಿ, ಹಾಳಾದ ಚಿತ್ರದಲ್ಲಿ ತುಂಬಿದ ಭಾಗ ದೂರದಿಂದ ಹೊಂದಿಕೊಂಡು ಕಾಣಲಿ, ಹತ್ತಿರ ಹೋದರೆ ಇದು ಆಮೇಲೆ ತುಂಬಿದ್ದು ಎಂದು ಗೊತ್ತಾಗಲಿ ಎಂದು ವಿಧಿಸಿತು. ಸಣ್ಣ ಸಣ್ಣ ಲಂಬ ಗೆರೆಗಳಿಂದ ಬಣ್ಣ ತುಂಬುವ ಇಟಲಿಯ ಪದ್ಧತಿ ಹೀಗೆ ಬಂತು. ಆದರೆ ಆಟಿಕೆ ಹುಟ್ಟಿದ್ದು ಮಗುವಿನ ಕಣ್ಣು ಅರಳಿಸಲು. ಮಂಕಾದ, ಚಕ್ಕೆ ಎದ್ದ, ಓಡದ ರೈಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವಿಸುವುದು ಅದರ ಹುಟ್ಟಿಗೇ ಮಾಡಿದ ಅವಮಾನವಲ್ಲವೇ? ಕಲಾಯಿ ಹೋದ ಪಾತ್ರೆಗೆ ಮತ್ತೆ ಕಲಾಯಿ ಹಾಕಿಸದೆ, ಇದು ಅಜ್ಜಿಯ ಕಾಲದ ಕಲಾಯಿ ಎಂದು ಹುಳಿ ಬೇಯಿಸಿ ತಿನ್ನುವ ಮೂರ್ಖರು ಯಾರಿದ್ದಾರೆ?

ಪಾತ್ರೆ ಇನ್ನೂ ಒಲೆಯ ಮೇಲೆ ಏರುತ್ತದೆ, ಆದ್ದರಿಂದ ಕಲಾಯಿ ಬೇಕು ಎಂಬುದೇ ಇದಕ್ಕೆ ನಮ್ಮ ಉತ್ತರ. ನೂರು ವರ್ಷದ ಬಿಂಗ್ ರೈಲಿನೊಡನೆ ಇಂದು ಯಾವ ಮಗುವೂ ಆಡುವುದಿಲ್ಲ, ಆಡಲೂಬಾರದು. ಆ ಕಾಲದ ಬಣ್ಣಗಳಲ್ಲಿ ಸೀಸವಿತ್ತು. ಅಮೆರಿಕ ಮನೆಗಳಿಗೂ ಆಟಿಕೆಗಳಿಗೂ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಉಜ್ಜುವವನ ಪುಪ್ಪುಸಕ್ಕೇ ಹೋಗುತ್ತದೆ. ಬಣ್ಣ ಕೆರೆಯುವ ಉತ್ಸಾಹಿಗಳು ಇದನ್ನು ಮರೆಯುವುದೇ ಹೆಚ್ಚು. ಆಡಲು ರೈಲು ಬೇಕಾದವರಿಗೆ ಹಳೆಯ ಮಾದರಿಯನ್ನೇ ಹೋಲುವ ಹೊಸ ರೈಲುಗಳು ಸಿಗುತ್ತವೆ. ದೊಡ್ಡ ರೈಲಿನ ಚರಿತ್ರೆಯಲ್ಲೂ ಇದಕ್ಕೆ ಒಳ್ಳೆಯ ಮಾದರಿಯಿದೆ. 1829ರ ರೇನ್‌ಹಿಲ್ ಪಂದ್ಯದಲ್ಲಿ ಗೆದ್ದ ಸ್ಟೀಫನ್‌ಸನ್ನನ ರಾಕೆಟ್ ಇಂಜಿನ್ ಹಳದಿ ಮೈ, ಬಿಳಿ ಚಿಮಣಿಯಿಂದ ಮೆರೆದಿತ್ತು. 1862ರಲ್ಲಿ ಅದು ಲಂಡನ್ನಿನ ವಸ್ತುಸಂಗ್ರಹಾಲಯ ಸೇರುವ ಹೊತ್ತಿಗೆ ದುಡಿದು ಸೊರಗಿ, ಭಾಗಗಳು ಬದಲಾಗಿ, ಹಳದಿ ಎಂಬುದರ ಸುಳಿವೇ ಇರಲಿಲ್ಲ. ಅದನ್ನು ಹಾಗೆಯೇ ಕಪ್ಪಾಗಿ ಇರಗೊಟ್ಟರು. ಹಳದಿ ರಾಕೆಟ್ ನೋಡುವ ಆಸೆಗೆ ಬೇರೆ ಪ್ರತಿಕೃತಿಗಳನ್ನು ಕಟ್ಟಿದರು. ಹೊಳಪು ಪ್ರತಿಕೃತಿಗೆ, ಸಾಕ್ಷಿ ಅಸಲಿಗೆ ಎಂಬ ಈ ಪಾಲು ನಮಗೆ ನ್ಯಾಯವಾಗಿ ಕಾಣುತ್ತದೆ.

ಮುಟ್ಟಲೇಬಾರದು ಎಂಬ ಇನ್ನೊಂದು ತುದಿಯ ಹಟವನ್ನೂ ನಾವು ಒಪ್ಪಲಾರೆವು. ತುಕ್ಕು ಚರಿತ್ರೆಯಲ್ಲ, ರೋಗ. ಅದನ್ನು ತಡೆಯಲೇಬೇಕು. 1920–30ರ ದಶಕದ ಸತುವಿನ ಎರಕದ ಚಕ್ರಗಳಲ್ಲಿ ಸೀಸದ ಕಲಬೆರಕೆ ಇದ್ದರೆ ಲೋಹ ಒಳಗಿನಿಂದಲೇ ಬಿರಿದು ಪುಡಿಯಾಗುತ್ತದೆ. ಹಾರ್ನ್‌ಬಿ, ಲಯನೆಲ್ ಎರಡಕ್ಕೂ ಈ ಪಿಡುಗು ತಪ್ಪಲಿಲ್ಲ. ಅಲ್ಲಿ ಹೊಸ ಚಕ್ರ ಹಾಕದೆ ಬೇರೆ ದಾರಿಯಿಲ್ಲ. ಇನ್ನು ಉಜ್ಜುವುದೂ ಬಣ್ಣ ಬಳಿದಷ್ಟೇ ಹಾನಿ ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ರೈಲು ನೆನಪಾಗುತ್ತದೆ. ಗ್ವಾಲಿಯರಿನ ಜೈವಿಲಾಸ್ ಅರಮನೆಯ ಊಟದ ಮೇಜಿನ ಮೇಲೆ ಅತಿಥಿಗಳಿಗೆ ಬ್ರಾಂದಿ, ಚುಟ್ಟಾ ಹೊತ್ತು ಸುತ್ತುತ್ತಿದ್ದ ಸಿಂಧಿಯಾ ಮಹಾರಾಜರ ಬೆಳ್ಳಿಯ ರೈಲು ಅದು. ಬೆಳ್ಳಿಗೆ ಬಣ್ಣದ ಗೊಡವೆಯಿಲ್ಲ. ಆದರೆ ಕಪ್ಪಾದ ಬೆಳ್ಳಿಯನ್ನು ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಬೆಳ್ಳಿ ಬಟ್ಟೆಗೆ ಹತ್ತಿ ಹೋಗುತ್ತದೆ. ಕೆತ್ತನೆಯ ಅಂಚು ಮೊಂಡಾಗುತ್ತದೆ.

ಬಣ್ಣದ ಜೊತೆ ಹಣ ಬೆರೆತಾಗ ಈ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಲಯನೆಲ್ ಕಂಪನಿಯ ಗುಲಾಬಿ ರೈಲು ಸಾಕ್ಷಿ. 1957ರಲ್ಲಿ ಆ ಕಂಪನಿಗೆ ಹೆಣ್ಣುಮಕ್ಕಳೂ ರೈಲು ಕೊಳ್ಳಲಿ ಎಂಬ ಆಲೋಚನೆ ಬಂತು. ಗುಲಾಬಿ ಬಣ್ಣದ ಇಂಜಿನ್, ತಿಳಿ ಹಳದಿ, ತಿಳಿ ನೇರಳೆ, ತಿಳಿ ನೀಲಿ ಬಣ್ಣಗಳ ಬೋಗಿಗಳು. ಹೆಣ್ಣುಮಕ್ಕಳು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವರಿಗೂ ಕಪ್ಪು ಇಂಜಿನ್ನೇ ಬೇಕಿತ್ತೆಂದು ಕಾಣುತ್ತದೆ; ನಿಜವಾದ ರೈಲು ಗುಲಾಬಿಯಾಗಿರುವುದನ್ನು ಯಾವ ಮಗು ಕಂಡಿದೆ? ಮಾರದೆ ಉಳಿದ ಇಂಜಿನ್‌ಗಳಿಗೆ ಕೆಲವು ಅಂಗಡಿಯವರು ಕಪ್ಪು ಬಣ್ಣ ಬಳಿದು ಮಾರಿದರಂತೆ. ಕಡಿಮೆ ಉಳಿದದ್ದರಿಂದ ಮುಂದೆ ಆ ಗುಲಾಬಿ ರೈಲು ದುಬಾರಿಯಾಯಿತು. ಆಗ ಸಾಮಾನ್ಯ ಕಪ್ಪು ಇಂಜಿನ್‌ಗಳಿಗೆ ಗುಲಾಬಿ ಬಳಿದು ಅಸಲಿ ಎಂದು ಮಾರುವವರು ಹುಟ್ಟಿಕೊಂಡರು. ಹೀಗೆ ಅದೇ ಮಾದರಿಯ ಇಂಜಿನ್ ಒಂದು ಕಾಲದಲ್ಲಿ ಗುಲಾಬಿ ಮುಚ್ಚಿಕೊಳ್ಳಲು, ಇನ್ನೊಂದು ಕಾಲದಲ್ಲಿ ಗುಲಾಬಿ ತೊಟ್ಟುಕೊಳ್ಳಲು ಬಣ್ಣ ಬಳಿಸಿಕೊಂಡಿತು. ಕಪ್ಪು ಬಳಿದ ಅಂಗಡಿಯವನದು ವ್ಯಾಪಾರ, ಗುಲಾಬಿ ಬಳಿದವನದು ಮೋಸ. ಕೈಯ ಕೆಲಸ ಇಬ್ಬರದೂ ಒಂದೇ.

ಮೋಸವನ್ನು ಹಿಡಿಯುವ ಉಪಾಯಗಳೂ ಬಂದಿವೆ. ನೇರಳಾತೀತ ದೀಪದ ಕೆಳಗೆ ಹಿಡಿದರೆ ಆಮೇಲೆ ಬಳಿದ ಬಣ್ಣ ಹಲವು ಬಾರಿ ಬೇರೆಯದೇ ರೀತಿಯಲ್ಲಿ ಮಿನುಗುತ್ತದೆ. ಬಣ್ಣದಲ್ಲಿ ಯಾವ ಲೋಹವಿದೆ ಎಂದು ಎಕ್ಸ್-ರೇ ಉಪಕರಣದಿಂದ ಕೆರೆಯದೆಯೇ ನೋಡಬಹುದು. ಟೈಟಾನಿಯಂ ಬಿಳಿ ವ್ಯಾಪಾರಕ್ಕೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ, ಹರಡಿದ್ದು 1920ರ ದಶಕದಲ್ಲಿ. 1905ರದೆಂದು ಹೇಳುವ ಬೋಗಿಯ ಬಿಳಿ ಗೆರೆಯಲ್ಲಿ ಅದು ಸಿಕ್ಕರೆ ಮುಂದೆ ಮಾತಾಡುವುದೇನಿದೆ? ಸಂಗ್ರಾಹಕರ ಸಂಘ ತನ್ನ ದರ್ಜೆಗಳ ಪಟ್ಟಿಯಲ್ಲಿ ಮತ್ತೆ ಬಣ್ಣ ಬಳಿದು ಸರಿಪಡಿಸಿದ ರೈಲುಗಳಿಗೆ ಬೇರೆಯೇ ವರ್ಗ ಇಟ್ಟದ್ದು ಒಳ್ಳೆಯದಾಯಿತು. ಅದರಿಂದ ಅಂಥ ರೈಲು ಕೀಳಾಗುವುದಿಲ್ಲ, ಅದು ಏನೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಹಳೆಯ ರೈಲೊಂದು ಕೈಗೆ ಬಂದವರು ಏನು ಮಾಡಬೇಕು? ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ತುಕ್ಕಿನ ಕಲೆಗಳನ್ನು ಅಲ್ಲಲ್ಲೇ ತಡೆದು, ವಸ್ತುಸಂಗ್ರಹಾಲಯಗಳು ಬಳಸುವ ಮೇಣದ ತೆಳುಪದರ ಕೊಟ್ಟು, ತೇವವಿಲ್ಲದ ಕಡೆ ಇಟ್ಟರೆ ಸಾಕು. ಅಟ್ಟ ಬೇಡ, ಅಲ್ಲಿನ ಬಿಸಿಲು ಚಳಿಗಳ ಏರಿಳಿತಕ್ಕೆ ಬಣ್ಣ ಬಿರಿಯುತ್ತದೆ. ಏಳುತ್ತಿರುವ ಚಕ್ಕೆಗಳನ್ನು ಅಂಟಿಸಲು ಪ್ಯಾರಲಾಯ್ಡ್ ಬಿ-72 ಎಂಬ ರಾಳವಿದೆ. ಮುಂದೆ ಯಾರಿಗಾದರೂ ಅದು ಬೇಡವೆನಿಸಿದರೆ ಅಸಿಟೋನಿನಲ್ಲಿ ಕರಗುತ್ತದೆ. ಆದರೆ ಅಸಿಟೋನು ಹಳೆಯ ಬಣ್ಣವನ್ನೂ ಕರಗಿಸಬಹುದಾದ್ದರಿಂದ ಇದು ಬಲ್ಲವರ ಕೈಯ ಕೆಲಸ. ಹಿಂದೊಬ್ಬರು ಬಳಿದ ಬಣ್ಣವಿದ್ದರೆ ಆತುರಪಟ್ಟು ಕೆರೆಯಬಾರದು. ಅದರಡಿಯಲ್ಲಿ ಅಸಲಿ ಉಳಿದಿರಬಹುದು, ಇಲ್ಲವೇ ಅದೇ ಈಗ ಆ ರೈಲಿನ ಎಪ್ಪತ್ತು ವರ್ಷದ ಚರಿತ್ರೆಯಾಗಿರಬಹುದು.

ಬಣ್ಣ ಪೂರ್ತಿ ಹೋಗಿ ಬರಿಯ ತುಕ್ಕಿನ ಡೊಗರು ಉಳಿದಿದ್ದರೆ, ಅಂಥ ರೈಲಿಗೆ ಹೊಸ ಬಣ್ಣ ಹಚ್ಚುವುದರಲ್ಲಿ ನಮಗೆ ತಪ್ಪು ಕಾಣುವುದಿಲ್ಲ. ಆದರೆ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಬೇಕು. ಕಾಸ್ಟಿಕ್ ಸೋಡದ ತೊಟ್ಟಿ ಬೇಡವೇ ಬೇಡ. ಬಳಿದ ವರ್ಷವನ್ನು ಒಳಮೈಯಲ್ಲಿ ಅಳಿಸದಂತೆ ಬರೆದಿಡಬೇಕು. ಹೊಟ್ಟೆಯ ಕೆಳಗೆ, ಕೀಲಿ ಕೊಡುವ ತೂತಿನ ಅಕ್ಕಪಕ್ಕದಲ್ಲಿ, ಎರಡು ಬೆರಳಗಲ ಹಳೆಯ ಮೈಯನ್ನು ಇದ್ದಂತೆಯೇ ಬಿಡಬೇಕು. ತಯಾರಕರ ಮುದ್ರೆ ಎಲ್ಲೇ ಇರಲಿ, ಬಣ್ಣ ಅದರ ಸುತ್ತ ಬಳಸಿಕೊಂಡು ಹೋಗಬೇಕು.